ಟವೆಲು ಕಚ್ಚಿ ಮಲಗಿದವನಿಗೆ

ಸೆರ್ರೊ, ಮೊಂಟೆವಿಡಿಯೊ
ಭಾನುವಾರ, 11 ಜುಲೈ 2004

ಗೆಳೆಯ ಅದೆಮಾರ್,

ಕ್ಲಬ್ಬಿನವರು ಏನೇನು ಮಾತು ಕೊಟ್ಟಿದ್ದರು, ಆಟಗಾರರ ಸಂಘದಲ್ಲಿ ನಡೆಯುವ ವಿಚಾರಣೆಗೆ ಬೇಕು, ನೆನಪಿದ್ದಷ್ಟೂ ಬರೆದು ಕಳಿಸು ಎಂದು ನೀನು ಕೇಳಿದ್ದೆ. ಕ್ಷೇಮ ಸಮಾಚಾರಕ್ಕೆ ಮೊದಲು ಅದನ್ನೇ ಬರೆದುಬಿಡುತ್ತೇನೆ.

ಸ್ನಾನಕ್ಕೆ ಬಿಸಿನೀರು ಕೊಡುತ್ತೇವೆಂದರು. ಕೊಡಲಿಲ್ಲ. ಹದಿನಾಲ್ಕು ಚಳಿಗಾಲ ತಣ್ಣೀರಲ್ಲಿ ಮಿಂದೆವು. ದೂರದ ಊರಿನ ಪಂದ್ಯಕ್ಕೆ ಹಿಂದಿನ ದಿನವೇ ಬಸ್ಸು ಎಂದರು. ಕೊಡಲಿಲ್ಲ. ಮಾಂಸದ ಲಾರಿಯ ಹಿಂದೆ ನಿಂತು ಹೋಗಿ, ಇಳಿದವರೇ ಬೂಟು ಕಟ್ಟಿಕೊಂಡು ಆಡಿದ್ದೇವೆ. ಗಾಯವಾದವನಿಗೆ ವಾಸಿಯಾಗುವ ತನಕ ವಿಶ್ರಾಂತಿ ಎಂದರು. ಕೊಡಲಿಲ್ಲ. ಆಟ ಬಿಟ್ಟ ಮೇಲೆ ಕಿರಿಯರ ತಂಡಕ್ಕೆ ತರಬೇತಿ ಕೊಡುವ ಕೆಲಸ ನನಗೆ ಎಂದರು. ಅದನ್ನು ಅಧ್ಯಕ್ಷನ ಭಾವಮೈದುನನಿಗೆ ಕೊಟ್ಟರು. ಚೆಂಡು ದುಂಡಗಿರುತ್ತದೆ ಎಂಬುದನ್ನೂ ಅವನಿಗೆ ಯಾರಾದರೂ ಹೇಳಿಕೊಡಬೇಕಿತ್ತು. ನಿನಗೆ ಮಂಡಿಯ ಆಪರೇಷನ್ ಎಂದರು. 1986ರ ನವೆಂಬರ್ ಮೂವತ್ತು, ಭಾನುವಾರ, ಪಂದ್ಯ ಶುರುವಾಗಲು ಒಂದು ಗಂಟೆ ಇತ್ತು. ಅಧ್ಯಕ್ಷ ಮೊಂದೆಲ್ಲಿ ನಾವು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: "ಇದೊಂದು ಆಟ ಆಡ್ಲಿ. ನಾಳೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ನನ್ನ ತಾಯಾಣೆ." ಕೋಣೆಯಲ್ಲಿದ್ದ ಎಲ್ಲರೂ ಕೇಳಿಸಿಕೊಂಡೆವು. ಆ ಸೋಮವಾರ ಇನ್ನೂ ಬಂದಿಲ್ಲ. ಅವನ ತಾಯಿ ಸತ್ತು ಆಗಲೇ ಆರು ವರ್ಷವಾಗಿತ್ತಂತೆ. ಅದೂ ನಮಗೆ ಆಮೇಲೆ ಗೊತ್ತಾಯಿತು.

ಇಷ್ಟನ್ನೂ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ.

ಈಗ ಕ್ಷಮೆಯ ಮಾತು. ಏಪ್ರಿಲ್ ಕೊನೆಗೆ ಬಂದ ಪತ್ರಕ್ಕೆ ಜುಲೈನಲ್ಲಿ ಉತ್ತರ ಬರೆಯುವವನು ಗೆಳೆಯನಲ್ಲ, ಸರ್ಕಾರಿ ಕಚೇರಿ. ನಾನು ಸುದ್ದಿ ಕೇಳಲು ಹೋದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು ನಿಲ್ಡಾ ನಿನ್ನ ಲಕೋಟೆಯನ್ನು ರೇಡಿಯೊಗೆ ಒರಗಿಸಿ ಇಟ್ಟಿದ್ದಾಳೆ. "ಎರಡು ಕೋಲಿನ ಮೇಲೆ ನಿಂತಿರೋನು ಪೋಸ್ಟಾಫೀಸಿಗೆ ಹೋಗಿ ಬಂದಿದಾನೆ. ನಿಂಗೆ ಎರಡು ಕಾಲಿದೆ, ಅದೂ ಸಾಲ್ದಾ?" ದಿನಕ್ಕೊಂದು ಸಲ ಈ ಮಾತು. ಮದುವೆಯಾಗಿ ಮೂವತ್ತು ವರ್ಷವಾದರೂ ಅವಳ ನಾಲಿಗೆ ಮೊಂಡಾಗಿಲ್ಲ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ನಗಿಸುತ್ತೀಯ, ನಾನು ನಗುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿದುಬಿಡುತ್ತದೆ.

ಇಲ್ಲಿ ಮೂರು ದಿನದಿಂದ ಮಳೆ. ಬೀದಿಯುದ್ದಕ್ಕೂ ಕರಿದ ರೊಟ್ಟಿಯ ವಾಸನೆ. ಮಾಂಸದ ಕಾರ್ಖಾನೆಯ ಹಿಂಗೋಡೆ ಕುಸಿದಿದೆ. ನಿಮ್ಮಪ್ಪ ಮೂವತ್ತು ವರ್ಷ ದನ ಸುಲಿದ ಕೋಣೆಯಲ್ಲಿ ಈಗ ಪಾರಿವಾಳಗಳ ಸಂಸಾರ. ಮೈದಾನ ಇದೆ, ಆದರೆ ದಕ್ಷಿಣದ ಗೋಲಿನ ಹಿಂದಿದ್ದ ಮರದ ಗ್ಯಾಲರಿಯನ್ನು ಕಿತ್ತು ಸೌದೆಗೆ ಮಾರಿದ್ದಾರೆ. ಆ ಹಲಗೆಗಳ ಮೇಲೆ ನಿಂತು ನಮ್ಮ ಅಮ್ಮಂದಿರನ್ನು ಬೈದ ಜನ ಅದೇ ಹಲಗೆಗಳನ್ನು ಉರಿಸಿ ಚಳಿ ಕಾಯಿಸಿಕೊಂಡರು. ಉನಿಯೋನ್ ಸಲಾದೆರೊ ಈಗ ಕ್ಲಬ್ಬಲ್ಲ, ಕಂಪನಿ. ಮೊಂದೆಲ್ಲಿ ಸತ್ತ ಮೇಲೆ ಬಂದವರು ಬೋರ್ಡು ಬದಲಾಯಿಸಿದ್ದಾರೆ. ಹಳೆಯ ಟ್ರೋಫಿಗಳು, ಹಳೆಯ ಹೆಸರು, ಹಳೆಯ ಬಣ್ಣ ಎಲ್ಲ ನಮ್ಮವು ಎನ್ನುತ್ತಾರೆ. ಹಳೆಯ ಮುರಿದ ಕಾಲುಗಳು ಮಾತ್ರ ಅವರವಲ್ಲವಂತೆ.

ಆ ಕಂಪನಿಯ ಮ್ಯಾನೇಜರು ನಮ್ಮ ಮನೆಗೆ ಬಂದಿದ್ದ. ಮೇ ತಿಂಗಳ ಕೊನೆಯ ಶನಿವಾರ. ಬೆರ್ರುತ್ತಿ ಅಂತ ಹೆಸರು. ಮೂವತ್ತು ದಾಟಿಲ್ಲ, ವಕೀಲಿಕೆ ಓದಿದ್ದಾನೆ, ನಮ್ಮ ಬೀದಿಯಲ್ಲೂ ಬೂಟಿಗೆ ಕೆಸರು ತಾಗದ ಹಾಗೆ ನಡೆಯುವುದನ್ನು ಕಲಿತಿದ್ದಾನೆ. ಬೇಕರಿ ಪೊಟ್ಟಣ ಹಿಡಿದು ಬಂದ. ನಿಲ್ಡಾ ಮಾಟೆ ಎಲೆಯ ಕಷಾಯ ಕಾಯಿಸಿ ಸೋರೆಬುರುಡೆಯ ಬಟ್ಟಲು ಕೈಗಿತ್ತಳು. ಒಂದು ಗುಟುಕು ಹೀರಿ ಮುಖ ಕಿವಿಚಿದ.

"ಸಕ್ರೆ ಹಾಕಲ್ವಾ ಅಮ್ಮಾ?"

"ಈ ಮನೇಲಿ ಹಾಕಲ್ಲಪ್ಪ. ಕಹಿ ಕುಡಿಯೋಕಾಗದೋರು ಬೇರೆ ಮನೆಗೆ ಹೋಗ್ತಾರೆ."

ಅವನು ನಕ್ಕ. ನಗುವುದಕ್ಕೂ ಅವರಿಗೆ ಪಾಠ ಇರುತ್ತದೆ. "ದೋನ್ ಎಲ್ಬಿಯೊ, ನೀವು ಈ ಕ್ಲಬ್ಬಿನ ಗೋಡೆ" ಎಂದ.

"ಗೋಡೆಗೆ ಸುಣ್ಣ ಹೊಡಿಯೋಕೆ ಬಂದ್ಯಾ?"

"ಅದಕ್ಕಿಂತ ದೊಡ್ಡದು. ಸೆಪ್ಟೆಂಬರಲ್ಲಿ ನಿಮಗೊಂದು ಗೌರವ ಪಂದ್ಯ. ಹಳಬರು ಒಂದು ಕಡೆ, ಹೊಸಬರು ಒಂದು ಕಡೆ. ಮೊದಲ ಚೆಂಡು ನೀವು ಒದೀತೀರಿ. ಹೊಸದಾಗಿ ಕಟ್ತಿರೋ ದ್ವಾರಕ್ಕೆ ನಿಮ್ಮ ಹೆಸರು. ಕಂಚಿನ ಅಕ್ಷರ."

"ನಾನಿನ್ನೂ ಸತ್ತಿಲ್ವಲ್ಲಪ್ಪ."

"ಬದುಕಿರೋವಾಗ್ಲೇ ಗೌರವ ಕೊಡೋದು ಹೊಸ ಆಡಳಿತದ ನೀತಿ."

ಆಮೇಲೆ ಒಳಜೇಬಿನಿಂದ ನೀತಿಯನ್ನು ತೆಗೆದ. ಒಂದು ಹಾಳೆ, ನಾಲ್ಕು ಸಾಲು, ಟೈಪು ಮಾಡಿದ್ದು. ಬಾಯಿಪಾಠ ಬರುವಷ್ಟು ಸಲ ಓದಿದ್ದೇನೆ: "1975ರಿಂದ 1989ರ ತನಕ ಉನಿಯೋನ್ ಸಲಾದೆರೊ ತಂಡದಲ್ಲಿ ಆಡಿದ, ಒಂಬತ್ತು ವರ್ಷ ನಾಯಕನಾಗಿದ್ದ ನಾನು ತಿಳಿಸುವುದೇನೆಂದರೆ, ಪಂದ್ಯಗಳ ಮುಂಚೆ ತೆಗೆದುಕೊಳ್ಳುತ್ತಿದ್ದ ನೋವಿನ ಚುಚ್ಚುಮದ್ದು ಆಯಾ ಆಟಗಾರರ ಸ್ವಂತ ಇಚ್ಛೆಯದಾಗಿತ್ತು. ಕ್ಲಬ್ಬು ಯಾರನ್ನೂ ಬಲವಂತ ಮಾಡಿಲ್ಲ."

"ಇದು ಅದೆಮಾರ್ ಬೆಂತೋಸ್ ವಿರುದ್ಧ ಅಂತ ತಿಳ್ಕೋಬೇಡಿ" ಎಂದ ಆ ಹುಡುಗ. "ಅವರ ಮೇಲೂ ನಮಗೆ ಗೌರವ ಇದೆ. ಪಂದ್ಯದ ದಿನ ಅವರೂ ಬರ್ಲಿ, ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೀವಿ."

ನಿಲ್ಡಾ ಕೆಟಲ್ಲು ಕೆಳಗಿಟ್ಟಳು. "ಕುರ್ಚಿ ಅವನ ಹತ್ರ ಇದೆ ಕಣಪ್ಪ. ಮಂಡಿ ಇಲ್ಲ."

ಅದೆಮಾರ್, ಇಲ್ಲಿಗೆ ನಿಲ್ಲಿಸಿ, ಅವನ ಕುತ್ತಿಗೆ ಪಟ್ಟಿ ಹಿಡಿದು ಬೀದಿಗೆ ದಬ್ಬಿದೆ ಎಂದು ಬರೆದರೆ ನಿನಗೆ ಖುಷಿಯಾಗುತ್ತಿತ್ತು. ದಬ್ಬಲಿಲ್ಲ. "ಓದಿ ನೋಡ್ತೀನಿ" ಎಂದೆ. ಹಾಳೆ ಇಟ್ಟುಕೊಂಡೆ. ಆರು ವಾರದಿಂದ ಅದು ನನ್ನ ಹಾಸಿಗೆಯ ಕೆಳಗಿದೆ. ನಿಲ್ಡಾ ಮೊದಲ ಎರಡು ದಿನ ನನ್ನ ಮುಂದೆ ತಟ್ಟೆ ಕುಕ್ಕುತ್ತಿದ್ದಳು.

ಯಾಕೆ ಇಟ್ಟುಕೊಂಡೆ ಎಂಬುದನ್ನೂ ಕೇಳು. ನೀನು ಬಿಟ್ಟರೆ ಬೇರೆ ಯಾರಿಗೂ ಅರ್ಥವಾಗುವ ಮಾತಲ್ಲ.

ಹದಿನಾಲ್ಕು ವರ್ಷ ಆಡಿದೆ. ಮುನ್ನೂರ ಹನ್ನೊಂದು ಪಂದ್ಯ. ಒಂದು ಗೋಲು, ಅದೂ ಕಣ್ಣು ಮುಚ್ಚಿ ನಿಂತಿದ್ದಾಗ ತಲೆಯ ಹಿಂಭಾಗಕ್ಕೆ ಬಡಿದು ಹೋದದ್ದು. ನಾಲ್ಕು ಸಲ ನಮ್ಮ ಗೋಲಿಗೇ ಹೊಡೆದಿದ್ದೇನೆ, ಅವು ನಾಲ್ಕೂ ಜನಕ್ಕೆ ನೆನಪಿವೆ. ಮೂಗು ಮೂರು ಸಲ ಮುರಿದಿದೆ. ಎಂಟು ಸಲ ಮೈದಾನದಿಂದ ಹೊರಗೆ ಹಾಕಿಸಿಕೊಂಡಿದ್ದೇನೆ. ಪೇಪರಿನಲ್ಲಿ ಬಂದ ನನ್ನ ಫೋಟೊಗಳನ್ನು ನಿಲ್ಡಾ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಹೋದ ತಿಂಗಳು ತೆಗೆದು ನೋಡಿದೆ. ಒಂದರಲ್ಲೂ ನನಗೆ ಮುಖವಿಲ್ಲ. ಗೋಲು ಹೊಡೆದವನು ಕೈ ಚಾಚಿ ಕ್ಯಾಮೆರಾದ ಕಡೆ ಓಡಿಬರುತ್ತಿರುತ್ತಾನೆ, ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಒಂದು ಬೆನ್ನು. ಆ ಬೆನ್ನು ನಾನು. ನಾವು ಸೋತಾಗ ಮಾತ್ರ ಬೆನ್ನು ಕಾಣುತ್ತದೆ; ಗೆದ್ದಾಗ ಫೋಟೊ ತೆಗೆಯುವವನು ಇನ್ನೊಂದು ತುದಿಯಲ್ಲಿರುತ್ತಾನೆ. ಮೀನು ಮಾರುಕಟ್ಟೆಯಲ್ಲಿ ಒಬ್ಬ ಮೊನ್ನೆ ಬೆರಳು ತೋರಿಸಿ ತನ್ನ ಮಗನಿಗೆ ಹೇಳುತ್ತಿದ್ದ: "ಅಗೋ, ನಮ್ಮ ಗೋಲಿಗೇ ಗೋಲು ಹೊಡ್ದ ತಾತ." ಮುನ್ನೂರ ಹನ್ನೊಂದು ಪಂದ್ಯದ ಚರಿತ್ರೆ ಅಷ್ಟೇ. ಅಂಥವನಿಗೆ ಕಂಚಿನ ಅಕ್ಷರ ಎಂದರೆ ಬಾಯಲ್ಲಿ ನೀರು ಬರುತ್ತದೆ ಕಣೋ. ನಾಚಿಕೆಯಾಗುತ್ತದೆ, ಆದರೂ ಬರುತ್ತದೆ.

ಆ ಕೋಣೆಯಲ್ಲಿ ಇಚ್ಛೆ ಎಂಬುದು ಹೇಗಿತ್ತು? ಆಡದವನಿಗೆ ಮುಂದಿನ ವರ್ಷ ಕರಾರಿಲ್ಲ. ಕರಾರಿಲ್ಲದವನು ಮಾಂಸದ ಕಾರ್ಖಾನೆಯ ಬಾಗಿಲಲ್ಲಿ ಸಾಲು ನಿಲ್ಲಬೇಕು. ಆ ಬಾಗಿಲೂ ಆಗಲೇ ಮುಚ್ಚುತ್ತಿತ್ತು. ಕಿಟಕಿಯಿಲ್ಲದ ಕೋಣೆ, ನಡುವೆ ಮರದ ಬೆಂಚು, ಅದರ ಮೇಲೆ ಹುಡುಗನೊಬ್ಬ ಅಂಗಾತ ಮಲಗಿ ಮುಖದ ಮೇಲೆ ಟವೆಲು ಎಳೆದುಕೊಳ್ಳುತ್ತಾನೆ. ನಮ್ಮ ಕೋಣೆಯ ಕಟ್ಟಳೆ ನಿನಗೆ ಮರೆತಿರಲಿಕ್ಕಿಲ್ಲ: ಸೂಜಿಯನ್ನು ನೋಡಿದವನು ಮತ್ತೆ ಸೂಜಿಗೆ ಬರುತ್ತಾನೆ, ನೋಡಬಾರದು. ಅದಕ್ಕೇ ಟವೆಲು. ಅದರ ಅಂಚನ್ನೇ ಹಲ್ಲಿನಲ್ಲಿ ಕಚ್ಚಿಕೊಳ್ಳುವುದು. ಉಳಿದವರು ಗೋಡೆಯ ಕಡೆ ತಿರುಗಿ ಬೂಟಿನ ದಾರ ಕಟ್ಟಿಕೊಳ್ಳುವುದು. ಇದಕ್ಕೆ ಬೆರ್ರುತ್ತಿ ಸ್ವಂತ ಇಚ್ಛೆ ಎಂದು ಹೆಸರಿಟ್ಟಿದ್ದಾನೆ. ಕಸಾಯಿಖಾನೆಯ ಓಣಿಯಲ್ಲಿ ಮುಂದಕ್ಕೆ ನಡೆಯುವ ದನಕ್ಕೂ ಸ್ವಂತ ಇಚ್ಛೆ ಇದೆ, ಹಿಂದಕ್ಕೆ ತಿರುಗಲು ಜಾಗವಿಲ್ಲ ಅಷ್ಟೇ.

ಕೈ ನೋಯುತ್ತಿದೆ. ಉಳಿದದ್ದು ನಾಳೆ.

ಸೋಮವಾರ

ಇವತ್ತು ಬೆಳಿಗ್ಗೆ ಆ ಹಾಳೆ ತೆಗೆದುಕೊಂಡು ಕ್ಲಬ್ಬಿಗೆ ಹೋದೆ. ಕಚೇರಿಯಲ್ಲಿ ಈಗ ಗಾಜಿನ ಮೇಜು. ಬೆರ್ರುತ್ತಿ ಎದ್ದು ಕುರ್ಚಿ ಎಳೆದುಕೊಟ್ಟ. ಹಾಳೆ ಮೇಜಿನ ಮೇಲಿಟ್ಟೆ. ಅವನು ಕೆಳಗಡೆ ನೋಡಿದ, ಹಿಂದೆ ತಿರುಗಿಸಿ ನೋಡಿದ.

"ಸಹಿ ಮಾಡೋ ಜಾಗ ಖಾಲಿ ಇದೆ ದೋನ್ ಎಲ್ಬಿಯೊ."

"ಇರ್ಲಿ. ನಮ್ಮ ಗ್ಯಾಲರೀನೂ ಖಾಲೀನೇ ಇರ್ತಿತ್ತು. ಆಡ್ಲಿಲ್ವಾ?"

"ಸ್ವಲ್ಪ ಯೋಚ್ನೆ ಮಾಡಿ. ವಿಚಾರಣೆ ಅಂದ್ಮೇಲೆ ಹಳೇದೆಲ್ಲ ಎದ್ದು ಬರುತ್ತೆ. ಆ ಕೋಣೇಲಿ ಯಾರ್ಯಾರು ಇದ್ರು, ಏನೇನು ಮಾಡಿದ್ರು... ನಿಮಗೂ ವಯಸ್ಸಾಯ್ತು."

"ಏಳ್ಲಿ ಬಿಡು. ಹೂತಿಟ್ಟಿದ್ದು ನಾವಲ್ಲ" ಎಂದೆ.

ಅವನಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಹೆದರಿಸಿದ. ಆದರೂ ಮೆಟ್ಟಿಲು ಇಳಿಯುವಾಗ ಎರಡು ಸಲ ಹಿಂತಿರುಗಿ ನೋಡಿದೆ.

ನಾವಿಬ್ಬರೂ ಹೇಗೆ ಆಡುತ್ತಿದ್ದೆವು ಎಂದು ಸಂಘದ ವಕೀಲೆ ಕೇಳಿದಳು, ಅರ್ಜಿಯಲ್ಲಿ ಬರೆಯಬೇಕಂತೆ. ಅವಳಿಗೆ ಆಟ ಗೊತ್ತಿಲ್ಲ. ಹೀಗೆ ಹೇಳಿದೆ: "ನಾನು ಮುಂದೆ ನುಗ್ಗಿ ಡಿಕ್ಕಿ ಹೊಡಿಯೋನು. ಅದೆಮಾರ್ ಹಿಂದೆ ನಿಂತು ಗುಡಿಸೋನು. ನನ್ನನ್ನ ದಾಟಿ ಹೋದದ್ದನ್ನೆಲ್ಲ ಅವನು ಹಿಡೀತಿದ್ದ. ನಾನು ತಪ್ಪು ಮಾಡಿದ್ದು ಜನಕ್ಕೆ ಕಾಣ್ತಿರ್ಲಿಲ್ಲ, ಯಾಕಂದ್ರೆ ಅವನು ಅಲ್ಲಿರ್ತಿದ್ದ." ಅವಳು ಬರೆದುಕೊಂಡಳು. ಎಂಥ ಸಣ್ಣ ವಾಕ್ಯ ಅದು! ನನ್ನ ಸೊಂಟ ತಿರುಗುವಷ್ಟರಲ್ಲಿ ಗಾಡಿ ಸ್ಟೇಷನ್ನು ಬಿಟ್ಟು ಹೋಗಿರುತ್ತದೆ ಎಂದು ನೀನೇ ಗೇಲಿ ಮಾಡುತ್ತಿದ್ದೆ. ಆದರೂ ನಾಯಕ ನಾನು. ತೋಳಿನ ಪಟ್ಟಿ ನನಗೆ. ನಿನಗೆ ತೊಲೆ ಎಂಬ ಅಡ್ಡಹೆಸರು. ತೊಲೆಯನ್ನು ಯಾರು ತಲೆಯೆತ್ತಿ ನೋಡುತ್ತಾರೆ, ಮನೆ ಬೀಳುವ ತನಕ?

ಆ ಭಾನುವಾರದ ಪಂದ್ಯದ ಎಪ್ಪತ್ತೊಂದನೆಯ ನಿಮಿಷ ನನಗೆ ಇವತ್ತಿಗೂ ಕೇಳಿಸುತ್ತದೆ. ಯಾರೂ ನಿನ್ನನ್ನು ಮುಟ್ಟಿರಲಿಲ್ಲ. ನೀನು ಹಾಗೇ ತಿರುಗಿದೆ, ಒಣ ಕೊಂಬೆ ಮುರಿದ ಸದ್ದಾಯಿತು. ನೋವು ಗೊತ್ತಾಗದ ಕಾರಣ ನೀನು ಮತ್ತೆ ಎದ್ದು ಹೆಜ್ಜೆ ಇಟ್ಟೆ. ಕಾಲು ಬೇರೆಯವನದು ಎನ್ನುವ ಹಾಗೆ ಪಕ್ಕಕ್ಕೆ ಮಡಚಿಕೊಂಡಿತು. ಅವರು ಗೋಲು ಹೊಡೆದರು. ನಾವು ಕೆಳಗಿನ ವಿಭಾಗಕ್ಕೆ ಇಳಿದೆವು. ಮಾರನೆಯ ದಿನ ಸೋಮವಾರ ನಾನು ಮೊಂದೆಲ್ಲಿಯ ಮನೆಗೆ ಹೋದೆ. "ಯಜಮಾನ್ರು ಊರಲ್ಲಿಲ್ಲ" ಎಂದರು. ಹೊಸ ವರ್ಷಕ್ಕೆ ನೋಡೋಣ ಎಂದರು. ಹೊಸ ವರ್ಷಕ್ಕೆ ನಿನ್ನ ಕರಾರು ಹರಿದರು. ಇವೆಲ್ಲ ನಿನಗೆ ಗೊತ್ತಿರುವುದೇ.

ಕ್ಲಬ್ಬಿನ ಡಾಕ್ಟರ್ ಲಾರಯೋಸ್ ಬಗ್ಗೆ ನೀನು ಬರೆದದ್ದನ್ನು ಓದಿದೆ. "ಆ ಕಟುಕನ ಕೈಗೆ ಹುಳ ಬೀಳಲಿ, ವಿಚಾರಣೆಯಲ್ಲಿ ಅವನ ಮುಖದ ಮೇಲೆ ಹೇಳುತ್ತೇನೆ" ಎಂದಿದ್ದೀಯ. ಅವನ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ನೀನಿರುವ ಸಾಲ್ಟೊದಿಂದ ಇಲ್ಲಿಗೆ ಬಸ್ಸಿನಲ್ಲಿ ಆರು ಗಂಟೆ. ಮುಂದಿನ ಸೀಟು ಕೇಳಿ ತೆಗೆದುಕೊ, ಕಾಲು ಚಾಚಲು ಜಾಗ ಇರುತ್ತದೆ. ಮಂಡಿಗೆ ಉಣ್ಣೆ ಬಟ್ಟೆ ಸುತ್ತಿಕೊ. ಈ ಸಲ ವಿಚಾರಣೆ ಮಾಡುವವರು ತೀರ್ಪು ನಿನ್ನ ಪರ ಬರೆದರೆ ಕ್ಲಬ್ಬಿನ ಖರ್ಚಿನಲ್ಲಿ ಹೊಸ ಮಂಡಿ ಹಾಕುತ್ತಾರೆ. ಬರೆಯದಿದ್ದರೆ ಎರಡು ಕೋಲು ಸಾಯುವ ತನಕ. ಮಧ್ಯದಲ್ಲಿ ಬೇರೆ ದಾರಿ ಇಲ್ಲ. ಅದು ನನಗೂ ಗೊತ್ತು.

ನಿನ್ನ ಮಗಳಿಗೆ, ಮೊಮ್ಮಗುವಿಗೆ ನನ್ನ ಆಶೀರ್ವಾದ. ಅವರಿಗೆ ನೆಟ್ಟಗಿನ ಕಾಲು, ನೆಟ್ಟಗಿನ ಬೆನ್ನು, ಅದಕ್ಕಿಂತ ನೆಟ್ಟಗಿನ ಗೆಳೆಯರು ಸಿಗಲಿ. ನಿಲ್ಡಾ ನಿನಗೆ ಅಪ್ಪುಗೆ ಕಳಿಸಿದ್ದಾಳೆ. ನನ್ನದೂ ಇದೆ, ನೀನು ತೆಗೆದುಕೊಂಡರೆ.

ನಿನ್ನ
ಎಲ್ಬಿಯೊ ತೆಚೆರಾ

ಮರೆತ ಮಾತು:

ಮರೆತಿಲ್ಲ. ಎರಡು ದಿನದಿಂದ ಇದೊಂದನ್ನು ಬರೆಯದೆ ಇರಲು ಉಳಿದದ್ದೆಲ್ಲ ಬರೆದೆ.

ಬೆರ್ರುತ್ತಿ ಬಂದು ಹೋದ ಒಂದು ವಾರದ ಮೇಲೆ ಡಾಕ್ಟರ್ ಲಾರಯೋಸ್ ನಮ್ಮ ಮನೆಗೆ ಬಂದರು. ಎಂಬತ್ತೊಂದು ವರ್ಷ ಅವರಿಗೆ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಕೋಟಿನಿಂದ ಶಾಲೆ ಮಕ್ಕಳ ನೋಟುಪುಸ್ತಕ ತೆಗೆದರು. ಎಲ್ಲ ಆಟಗಾರರದೂ ಬರೆದಿಟ್ಟಿದ್ದಾರೆ, ಇಸವಿವಾರು. ಬೆರಳಿಟ್ಟು ಒಂದು ಸಾಲು ಓದಿದರು: "30-11-86. ಬೆಂತೋಸ್, ಬಲ ಮಂಡಿ. ಈ ವಾರ ಎರಡು ಸಲ ಕೊಟ್ಟಾಗಿದೆ. ಮೂರನೆಯದು ಕೊಡಲು ನಾನು ಒಪ್ಪಲಿಲ್ಲ. ಅಧ್ಯಕ್ಷರು ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು."

ಪುಸ್ತಕ ಮುಚ್ಚಿ ಅವರು ನನ್ನನ್ನೇ ನೋಡಿದರು. "ಆಮೇಲೆ ಯಾರು ಕೊಟ್ರು ಅಂತ ನಾನು ಬರ್ದಿಲ್ಲಪ್ಪ. ಕಣ್ಣಲ್ಲಿ ನೋಡದ್ದನ್ನ ಬರೆಯಲ್ಲ. ಆದ್ರೆ ಆ ಕೋಣೇಲಿ ಸೂಜಿ ಹಿಡಿಯೋಕೆ ಬರ್ತಿದ್ದೋನು ಇನ್ನೊಬ್ಬನೇ ಇದ್ದ."

ನಾನು ಎದ್ದು ಕೆಟಲ್ಲನ್ನು ಒಲೆಯ ಮೇಲಿಟ್ಟೆ.

"ಸಂತೇಲಿ ಬೆಂತೋಸ್ ನನ್ನ ಮುಖಕ್ಕೆ ಉಗಿದ, ಎಲ್ಬಿಯೊ. ಮೊಮ್ಮಗಳು ಕೈ ಹಿಡ್ಕೊಂಡಿದ್ಲು. ನೀನು ಅವನ ಪಕ್ಕದಲ್ಲೇ ನಿಂತಿದ್ದೆ. ಹದಿನೆಂಟು ವರ್ಷದಿಂದ ಕಾಯ್ತಿದೀನಿ, ಇವನು ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ."

ಹೌದು ಅದೆಮಾರ್. ನಿಂತಿದ್ದೆ. ನೀನು ಉಗಿದ ಮೇಲೆ ನಿನ್ನ ತೋಳು ಹಿಡಿದು "ಬಿಡೋ, ಆ ಕಟುಕನ ಜೊತೆ ಏನು ಮಾತು" ಎಂದವನೂ ನಾನೇ.

ವಾರದ ದಿನಗಳಲ್ಲಿ ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನಿನಗೆ ಗೊತ್ತಿತ್ತು. ಹಟ್ಟಿಯಿಂದ ಹಟ್ಟಿಗೆ ಹೋಗಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವುದು. ದಿನಕ್ಕೆ ನಾನೂರು ದನ. ಲಾರಯೋಸ್ ಎಷ್ಟೋ ಸಲ ನನ್ನನ್ನು ಕರೆದು ಹುಡುಗರ ಕಾಲು ಹಿಡಿಸುತ್ತಿದ್ದರು. ಎಲ್ಲಿ ಚುಚ್ಚುತ್ತಾರೆ, ಎಷ್ಟು ಒಳಗೆ ಎಂದು ನಾನು ನೋಡಿ ನೋಡಿ ಕಲಿತಿದ್ದೆ. ಆವತ್ತು ನಿನಗೆ ಕೇಳಿಸದ ಹಾಗೆ ಅವರನ್ನು ಹೊರಗೆ ಹಾಕಿದ ಮೇಲೆ ಮೊಂದೆಲ್ಲಿ ಔಷಧದ ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ನಿನ್ನ ಮುಖದ ಮೇಲೆ ಆಗಲೇ ಟವೆಲು ಇತ್ತು. ಉಳಿದವರು ಗೋಡೆ ನೋಡುತ್ತಿದ್ದರು. ಅವನು ನನ್ನ ಕಿವಿಯ ಹತ್ತಿರ ಬಂದು ಹೇಳಿದ:

"ಮೆಕ್ಸಿಕೊದಿಂದ ಅಲ್ಲಿನ ಕ್ಲಬ್ಬಿಗೆ ಆಟಗಾರರನ್ನ ಆರಿಸೋಕೆ ಬಂದಿರೋನು ಮೇಲೆ ಕೂತಿದಾನೆ, ಕ್ಯಾಪ್ಟನ್. ನಿನ್ನನ್ನ ನೋಡೋಕೆ ಬಂದಿದಾನೆ. ಹಿಂದೆ ತೊಲೆ ಇಲ್ದಿದ್ರೆ ನಿನ್ನ ಸೊಂಟ ಎಷ್ಟು ನಿಧಾನ ಅಂತ ಹತ್ತೇ ನಿಮಿಷಕ್ಕೆ ಗೊತ್ತಾಗುತ್ತೆ."

ಅದು ನನಗೂ ಗೊತ್ತಿತ್ತು. ನನಗೆ ಆಗ ಮೂವತ್ತು ವರ್ಷ. ಇನ್ನೊಂದು ಅವಕಾಶ ಬರುವುದಿಲ್ಲ ಎಂದೂ ಗೊತ್ತಿತ್ತು.

ಟವೆಲಿನೊಳಗಿಂದ ನೀನು "ಡಾಕ್ಟ್ರೇ, ನಿಧಾನ" ಎಂದೆ. ನಾನು ಉತ್ತರ ಕೊಡಲಿಲ್ಲ. ಕೈ ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಡುಗಲಿಲ್ಲ. ನಾನೂರನೆಯ ದನಕ್ಕೆ ಚುಚ್ಚುವಾಗ ನಡುಗುತ್ತದೆಯೇ? ಒಂದಲ್ಲ, ಎರಡು ಸಿರಿಂಜು ಇಳಿಸಿದೆ, ಆಟದ ಮಧ್ಯದಲ್ಲಿ ಔಷಧದ ಬಲ ಇಳಿದುಬಿಡಬಾರದು ಎಂದು. ಆಮೇಲೆ ಸೂಜಿಯನ್ನು ಪೆಟ್ಟಿಗೆಗೆ ಹಾಕಿ, ಟವೆಲು ತೆಗೆದು, "ಏಳೋ ತೊಲೆ, ಹೊತ್ತಾಯ್ತು" ಎಂದೆ. ನೀನು ನಕ್ಕೆ.

ಮೆಕ್ಸಿಕೊದವನು ಅರ್ಧ ಆಟಕ್ಕೇ ಎದ್ದು ಹೋಗಿದ್ದನಂತೆ. ನಿನ್ನ ಕಾಲು ಮುರಿಯುವಾಗ ಅವನ ಕುರ್ಚಿ ಖಾಲಿ ಇತ್ತು.

ಮುಂದಿನ ಮಾರ್ಚಿನಲ್ಲಿ ಸಂಘದ ಸಭೆ. ನಾನು ಬೆಂಚಿನ ಮೇಲೆ ಹತ್ತಿ, ಆಟಗಾರನೆಂದರೆ ಮಂದೆಯ ದನವಲ್ಲ ಎಂದು ಕೂಗಿದೆ. ಆ ಮಾತನ್ನು ಬಟ್ಟೆಯ ಮೇಲೆ ಬರೆದು ಮೂರು ಮುಷ್ಕರದಲ್ಲಿ ಹಿಡಿದರು. ಇವತ್ತಿಗೂ ಸಂಘದ ಗೋಡೆಯ ಮೇಲಿದೆ, ಕೆಳಗೆ ನನ್ನ ಹೆಸರು. ಆ ಸಭೆಯಲ್ಲಿ ನೀನು ಒಂದು ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದೆ.

ಇದನ್ನೆಲ್ಲ ವಕೀಲೆಗೆ ಶುಕ್ರವಾರ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಕ್ಲಬ್ಬಿನವರಿಗೆ ಇದು ಹಬ್ಬ ಎಂದಳು. ಡಾಕ್ಟರು ಕೊಡಲಿಲ್ಲ, ಜೊತೆಯ ಆಟಗಾರನೇ ಕೊಟ್ಟ, ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾರಂತೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ, ಲಾರಯೋಸ್ ಪುಸ್ತಕ ಹೊರಗೆ ಬಾರದಿದ್ದರೆ, ನಿನಗೆ ಮಂಡಿ ಸುಲಭವಾಗಿ ಸಿಗಬಹುದು. ಮುದುಕರು ಪುಸ್ತಕ ನನ್ನ ಮನೆಯಲ್ಲೇ ಬಿಟ್ಟು ಹೋಗಿದ್ದಾರೆ. "ಇಟ್ಕೋ. ಒಲೆಗೆ ಬೇಕಾದ್ರೂ ಹಾಕು" ಎಂದರು. ಹೊರಲಾಗದ್ದನ್ನು ಹೊರಿಸಿ ಹೋದರು.

"ಔಷಧಿ ಯಾರ ಪೆಟ್ಟಿಗೇಲಿತ್ತು?" ಎಂದು ವಕೀಲೆ ಕೇಳಿದಳು.

"ಕ್ಲಬ್ಬಿನ ಪೆಟ್ಟಿಗೇಲಿ."

"ಡಾಕ್ಟರನ್ನ ಹೊರಗೆ ಹಾಕಿದ್ದು ಯಾರು? ಆಡ್ಲೇಬೇಕು ಅಂದಿದ್ದು ಯಾರು?"

"ಅಧ್ಯಕ್ಷ."

"ಹಾಗಾದ್ರೆ ಬಂದು ಅದನ್ನೇ ಹೇಳಿ, ಎಲ್ಲರ ಎದುರಿಗೆ, ಒಂದೂ ಬಿಡದೆ. ಗೆಲ್ತೀವಿ ಅಂತ ನಾನು ಮಾತು ಕೊಡಲ್ಲ."

ಹೇಳುತ್ತೇನೆ. ಸೂಜಿ ಕ್ಲಬ್ಬಿನದು, ಔಷಧ ಕ್ಲಬ್ಬಿನದು, ಆಜ್ಞೆ ಕ್ಲಬ್ಬಿನದು. ಕೈ ನನ್ನದು. ಅವರ ಪಾಲು ಅವರು ಹೊರಲಿ, ನನ್ನ ಪಾಲು ನಾನು ಹೊರುತ್ತೇನೆ. ಇದರಿಂದ ನಿನ್ನ ಮಂಡಿ ಕೈತಪ್ಪಿದರೆ ಎರಡನೆಯ ಸಲವೂ ನಾನೇ ಮುರಿದ ಹಾಗಾಗುತ್ತದೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮಾತಾಡಬೇಡ ಎನ್ನುವ ಹಕ್ಕು ನಿನಗಿದೆ. ನೀನು ಹಾಗೆಂದರೆ ಏನು ಮಾಡುತ್ತೇನೆ ಎಂದು ಮಾತು ಕೊಡಲಾರೆ. ಆ ಮುದುಕರ ಮುಖದ ಮೇಲೂ ಒಂದು ಉಗುಳು ಒಣಗಿದೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನನ್ನ ತಪ್ಪುಗಳನ್ನು ಹಿಂದಿನಿಂದ ಬಂದು ಗುಡಿಸುವುದು ನಿನಗೆ ಚಟ.

ಸಂಘದ ಕಟ್ಟಡದಲ್ಲಿ ಲಿಫ್ಟು ಕೆಟ್ಟಿದೆ. ವಿಚಾರಣೆ ಎರಡನೆಯ ಮಹಡಿಯಲ್ಲಿ, ಮೂವತ್ತನಾಲ್ಕು ಮೆಟ್ಟಿಲು, ಎಣಿಸಿ ಬಂದಿದ್ದೇನೆ. ನಾನು ಅರ್ಧ ಗಂಟೆ ಮುಂಚೆಯೇ ಬಂದು ಕೆಳಗಿನ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಹೊರು ಎಂದರೆ ಹೊರುತ್ತೇನೆ. ಆಚೆ ಸರಿ ಎಂದರೆ ಸರಿದು, ನೀನು ಹತ್ತುವ ತನಕ ಕಾದು, ಹಿಂದಿನಿಂದ ಬರುತ್ತೇನೆ. ಡಾಕ್ಟರ್ ಲಾರಯೋಸ್ ಕೂಡ ಬರುತ್ತಾರೆ.

ಜುಲೈ ಇಪ್ಪತ್ತೆರಡು, ಗುರುವಾರ, ಸಂಜೆ ಆರು ಗಂಟೆ.